ತಲಪಾಡಿ ಗಡಿ ಮತ್ತೆ ತೆರೆದ ಬಗೆ: ಕೋವಿಡ್ ಕಾಲದ ಎರಡು ವರ್ಷ

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ತಲಪಾಡಿ ಎಂಬಲ್ಲಿ ಕೇರಳ ಮುಗಿದು ಕರ್ನಾಟಕ ಆರಂಭವಾಗುತ್ತದೆ. ನಕ್ಷೆಯಲ್ಲಿ ಅದು ರಾಜ್ಯದ ಗಡಿ. ಮಂಜೇಶ್ವರ, ಉಪ್ಪಳ, ವರ್ಕಾಡಿ, ಪೈವಳಿಕೆ ಕಡೆಯವರಿಗೆ ಮಾತ್ರ ಅದು ಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಇನ್ನೊಂದು ಬಸ್ ಸ್ಟಾಪು. ಕಾಯಿಲೆಗೆ ದೇರಳಕಟ್ಟೆ ಅಥವಾ ಮಂಗಳೂರು, ಮಕ್ಕಳ ಕಾಲೇಜಿಗೆ ಮಂಗಳೂರು, ಮದುವೆ ಜವಳಿಗೆ ಮಂಗಳೂರು ಎಂಬುದು ಇಲ್ಲಿಯ ಹಳೆಯ ರೂಢಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ರಾಜ್ಯ ಬದಲಾದರೂ ನಡೆದಾಡುವ ದಾರಿ ಬದಲಾಗಲಿಲ್ಲ.

ಈ ದಾರಿ ಮೊದಲ ಬಾರಿಗೆ ಪೂರ್ತಿಯಾಗಿ ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ. ಅದು ಮತ್ತೆ ಪೂರ್ತಿ ತೆರೆಯಲು ಸುಮಾರು ಎರಡು ವರ್ಷ ಬೇಕಾಯಿತು. ಈ ಅವಧಿಯಲ್ಲಿ ಏನೇನು ನಡೆಯಿತು ಎಂಬುದನ್ನು ಕ್ರಮವಾಗಿ ಇಲ್ಲಿ ಕೊಡಲಾಗಿದೆ.

ಮುಚ್ಚಿದ್ದು

ದೇಶದ ಮೊದಲ ಮೂರು ಕೋವಿಡ್ ಪ್ರಕರಣಗಳು ಕೇರಳದಲ್ಲಿ ಪತ್ತೆಯಾಗಿದ್ದವು. ಅವುಗಳಲ್ಲಿ ಮೂರನೆಯದು 2020ರ ಫೆಬ್ರವರಿ 3ರಂದು ಕಾಸರಗೋಡು ಜಿಲ್ಲೆಯದ್ದು. ಚೀನಾದ ವುಹಾನ್‌ನಿಂದ ಮರಳಿದ್ದ ಆ ವಿದ್ಯಾರ್ಥಿ ಗುಣಮುಖರಾದರು. ಆದರೆ ಮಾರ್ಚ್ ಕೊನೆಯ ಹೊತ್ತಿಗೆ ಗಲ್ಫ್‌ನಿಂದ ಬಂದವರಲ್ಲಿ ಮತ್ತು ಅವರ ಮನೆಯವರಲ್ಲಿ ಸೋಂಕು ಕಾಣಿಸಿಕೊಂಡು, ಕಾಸರಗೋಡು ಕೇರಳದಲ್ಲೇ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆಯಾಯಿತು.

ಇದೇ ಕಾರಣಕ್ಕೆ ಕರ್ನಾಟಕ ಗಡಿಯನ್ನು ಮುಚ್ಚಿತು. ಹೆದ್ದಾರಿಯಲ್ಲಿ ಬ್ಯಾರಿಕೇಡ್ ಬಂತು. ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಸೋಂಕು ತಮ್ಮ ಜಿಲ್ಲೆಗೆ ಹರಡಬಾರದು, ಆಸ್ಪತ್ರೆಗಳ ಮೇಲೆ ಹೊರೆ ಬೀಳಬಾರದು ಎಂಬುದು ಆ ಕಡೆಯ ವಾದ. ಆ ಭಯ ಸುಳ್ಳಿನದಾಗಿರಲಿಲ್ಲ. ಆದರೆ ಡಯಾಲಿಸಿಸ್ ರೋಗಿಗೆ, ಹೃದಯಾಘಾತವಾದವರಿಗೆ, ತುಂಬು ಗರ್ಭಿಣಿಗೆ ಕಾಯುವಷ್ಟು ಸಮಯ ಇರಲಿಲ್ಲ. ಸಕಾಲಕ್ಕೆ ಮಂಗಳೂರು ತಲುಪಲಾಗದೆ ಹಲವು ರೋಗಿಗಳು ತೀರಿಕೊಂಡರೆಂದು ಕೇರಳ ಸರ್ಕಾರ ಹೇಳಿತು.

ಮೊದಲು ದಾರಿ ಸಿಕ್ಕಿದ್ದು ಆಂಬುಲೆನ್ಸಿಗೆ

ವಿಷಯ ನ್ಯಾಯಾಲಯಕ್ಕೆ ಹೋಯಿತು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ಹೆದ್ದಾರಿಯ ತಡೆ ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟ್ ಮೊರೆ ಹೋಯಿತು. ಎರಡೂ ರಾಜ್ಯಗಳು ಕೇಂದ್ರದೊಂದಿಗೆ ಕೂತು ದಾರಿ ಹುಡುಕಬೇಕೆಂದು ಸುಪ್ರೀಂ ಕೋರ್ಟ್ ಏಪ್ರಿಲ್ 3ರಂದು ಹೇಳಿತು. ಏಪ್ರಿಲ್ 7ರಂದು, ರೋಗಿಗಳ ಸಾಗಾಟಕ್ಕೆ ಒಪ್ಪಿತ ಕ್ರಮ ಸಿದ್ಧವಾಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಆ ಕ್ರಮದ ಸಾರಾಂಶ ಇಷ್ಟು: ಕೋವಿಡ್ ಅಲ್ಲದ ತುರ್ತು ರೋಗಿಗಳು ಮಾತ್ರ, ಕೈಯಲ್ಲಿ ವೈದ್ಯರ ಪತ್ರ, ತಲಪಾಡಿಯಲ್ಲಿ ತಪಾಸಣೆ, ಅನಂತರ ಮುಂದಕ್ಕೆ. ಗಡಿ ತೆರೆಯುವಿಕೆಯ ಮೊದಲ ಮೆಟ್ಟಿಲು ಇದೇ. ಬರಹದಲ್ಲಿ ನಿಯಮ ಬಂದ ಮೇಲೆಯೇ ಚೆಕ್‌ಪೋಸ್ಟಿನಲ್ಲಿದ್ದ ಪೊಲೀಸರಿಗೂ ಆಂಬುಲೆನ್ಸ್ ಚಾಲಕರಿಗೂ ಏನು ಮಾಡಬೇಕೆಂಬುದು ಸ್ಪಷ್ಟವಾಯಿತು.

ಊರೊಳಗೆ ನಡೆದದ್ದು

ಇತ್ತ ಜಿಲ್ಲೆಯೊಳಗೆ ಸೋಂಕು ಹೆಚ್ಚಿದ್ದ ಪ್ರದೇಶಗಳಲ್ಲಿ ಪೊಲೀಸರು ಮೂರು ಸುತ್ತಿನ ಲಾಕ್‌ಡೌನ್ ಜಾರಿಗೊಳಿಸಿದರು. ಉಕ್ಕಿನಡ್ಕದಲ್ಲಿ ವರ್ಷಗಳಿಂದ ಕುಂಟುತ್ತಿದ್ದ ಸರ್ಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ 2020ರ ಏಪ್ರಿಲ್ 6ರಂದು ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ವಾರ್ಡ್ ಸಮಿತಿ, ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀಯ ಹೆಂಗಸರು ಮನೆಮನೆಯ ಲೆಕ್ಕ ಇಟ್ಟರು. ಯಾರು ಕ್ವಾರಂಟೈನಿನಲ್ಲಿದ್ದಾರೆ, ಯಾರಿಗೆ ಔಷಧಿ ಮುಗಿದಿದೆ, ಯಾರ ಮನೆಗೆ ಊಟ ಹೋಗಬೇಕು ಎಂಬುದು ಪಂಚಾಯತಿಗೆ ಗೊತ್ತಿತ್ತು.

ಮೇ 10ರಂದು ಚಿಕಿತ್ಸೆಯಲ್ಲಿದ್ದ ಕೊನೆಯ ರೋಗಿಯೂ ಗುಣವಾಗಿ, ಅಲ್ಲಿಯವರೆಗಿನ 178 ಮಂದಿಯೂ ಚೇತರಿಸಿಕೊಂಡಂತಾಯಿತು. ಒಬ್ಬರ ಸಾವೂ ಇಲ್ಲದೆ ಜಿಲ್ಲೆ ಮೊದಲ ಸುತ್ತು ದಾಟಿತ್ತು. ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಬೆನ್ನಲ್ಲೇ ಮಹಾರಾಷ್ಟ್ರದಿಂದ ಊರಿಗೆ ಮರಳಿದವರಲ್ಲಿ ಹೊಸ ಪ್ರಕರಣಗಳು ಕಂಡವು. 'ಶೂನ್ಯ' ಎಂಬುದು ಒಂದು ದಿನದ ಲೆಕ್ಕವೇ ಹೊರತು ಮುಕ್ತಾಯವಲ್ಲ ಎಂಬ ಪಾಠ ಆಗಲೇ ಸಿಕ್ಕಿತು.

ಜೂನ್‌ನಿಂದ ಅಂಗಡಿ, ಹೋಟೆಲು, ಆರಾಧನಾಲಯಗಳು ಷರತ್ತಿನ ಮೇಲೆ ತೆರೆಯತೊಡಗಿದವು. ಶಾಲೆ ಮಾತ್ರ ಟಿವಿ ಮತ್ತು ಮೊಬೈಲಿನಲ್ಲೇ ನಡೆಯಿತು. ಕೇರಳದ ಹತ್ತು ಮತ್ತು ಹನ್ನೆರಡನೆಯ ತರಗತಿಯ ಮಕ್ಕಳು 2021ರ ಜನವರಿ 1ರಿಂದ ಶಾಲೆಯ ಮುಖ ನೋಡಿದರು. ಸಣ್ಣ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ನವೆಂಬರ್ 1ರಂದು.

ದಿನದ ಪಾಸ್

ಗಡಿ ದಾಟಿ ದುಡಿಯುವವರಿಗಾಗಿ 2020ರ ಜೂನ್‌ನಲ್ಲಿ ಎರಡೂ ಜಿಲ್ಲಾಡಳಿತಗಳು ದಿನದ ಪಾಸ್ ವ್ಯವಸ್ಥೆ ಮಾಡಿದವು. ಬೆಳಿಗ್ಗೆ ಹೋಗಿ ಸಂಜೆ ಬರುವ ನೌಕರರಿಗೆ ಇದರಿಂದ ಉಸಿರಾಡುವಂತಾಯಿತು. ಜೂನ್ 25ರಂದು ಆರಂಭವಾದ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಈ ಕಡೆಯ ಮಕ್ಕಳನ್ನು ಗಡಿಯಿಂದ ಬಸ್ಸಿನಲ್ಲಿ ಕರೆದೊಯ್ಯುವ ವ್ಯವಸ್ಥೆಯೂ ಆಯಿತು.

ಸೋಂಕು ಏರುತ್ತಿದ್ದಂತೆ ಜುಲೈ ಮೊದಲ ವಾರದಲ್ಲಿ ದಿನದ ಓಡಾಟಕ್ಕೆ ಮತ್ತೆ ತಡೆ ಬಿತ್ತು. ಕೆಲಸ ಬೇಕೆಂದವರು ಆ ಕಡೆಯೇ ಉಳಿಯಬೇಕು, ಮನೆ ಬೇಕೆಂದವರು ಈ ಕಡೆಯೇ ಇರಬೇಕು ಎಂಬ ಪರಿಸ್ಥಿತಿ. ತಿಂಗಳ ಸಂಬಳದವರು ಹೇಗೋ ತಡೆದುಕೊಂಡರು. ಅಂಗಡಿ, ಹೋಟೆಲುಗಳಲ್ಲಿ ದಿನಗೂಲಿಗೆ ನಿಂತವರಿಗೆ ಅದು ಆಗಲಿಲ್ಲ. ರಾಜ್ಯಗಳ ನಡುವಿನ ಓಡಾಟಕ್ಕೆ ತಡೆ ಒಡ್ಡಬಾರದೆಂದು ಕೇಂದ್ರ ಗೃಹ ಕಾರ್ಯದರ್ಶಿ ಆಗಸ್ಟ್ 22ರಂದು ಎಲ್ಲ ರಾಜ್ಯಗಳಿಗೆ ಪತ್ರ ಬರೆದರು. ಬಳಿಕ ಕರ್ನಾಟಕ ಸೇವಾ ಸಿಂಧು ನೋಂದಣಿಯನ್ನು ಕೈಬಿಟ್ಟಿತು.

ಎರಡನೆಯ ಸುತ್ತು: ಪರೀಕ್ಷೆಯ ಚೀಟಿ

2021ರ ಫೆಬ್ರವರಿಯಲ್ಲಿ ಕೇರಳದಲ್ಲಿ ಪ್ರಕರಣಗಳು ಹೆಚ್ಚಿದ್ದವು. ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವೆಂದು ಕರ್ನಾಟಕ ಆದೇಶಿಸಿತು. ದಕ್ಷಿಣ ಕನ್ನಡಕ್ಕೆ ತಲಪಾಡಿ, ಸಾರಡ್ಕ, ಜಾಲ್ಸೂರು ಮತ್ತು ನೆಟ್ಟಣಿಗೆ ಮುಡ್ನೂರು ಈ ನಾಲ್ಕು ಕಡೆ ಮಾತ್ರ ಪ್ರವೇಶ ಎಂದಾಯಿತು. ಮನೆ ಒಂದು ರಾಜ್ಯದಲ್ಲಿ, ತೋಟ ಇನ್ನೊಂದು ರಾಜ್ಯದಲ್ಲಿ ಇರುವ ಕುಟುಂಬಗಳು ಸುತ್ತು ಬಳಸಿ ಹೋಗಬೇಕಾಯಿತು.

ಎರಡನೆಯ ಅಲೆ ಇಳಿದ ಮೇಲೆ, 2021ರ ಜೂನ್‌ನಲ್ಲಿ, ಕೇರಳ ಸರ್ಕಾರ ಪಂಚಾಯತಿಯನ್ನೇ ಘಟಕವಾಗಿ ಹಿಡಿಯಿತು. ಪರೀಕ್ಷೆ ಮಾಡಿಸಿಕೊಂಡ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ಎಂಬ ಲೆಕ್ಕದ ಮೇಲೆ ಎ, ಬಿ, ಸಿ, ಡಿ ಎಂದು ವಿಂಗಡಿಸಲಾಯಿತು. ಆರಂಭದಲ್ಲಿ ಶೇ. 8ಕ್ಕಿಂತ ಕಡಿಮೆ ಇದ್ದಲ್ಲಿ ಹೆಚ್ಚಿನ ಸಡಿಲಿಕೆ, ಶೇ. 30 ದಾಟಿದಲ್ಲಿ ಬಿಗಿ ಕ್ರಮ. ಹೀಗಾಗಿ ಒಂದು ಪಂಚಾಯತಿನಲ್ಲಿ ಅಂಗಡಿ ತೆರೆದಿದ್ದರೆ ಪಕ್ಕದ ಪಂಚಾಯತಿನಲ್ಲಿ ಬೀಗ ಬಿದ್ದಿರುವುದೂ ಇತ್ತು.

ಜುಲೈ ಕೊನೆಯಲ್ಲಿ ಕರ್ನಾಟಕ ಮತ್ತೆ ಬಿಗಿ ಮಾಡಿತು. ಲಸಿಕೆ ಹಾಕಿಸಿಕೊಂಡವರೂ 72 ಗಂಟೆಯೊಳಗಿನ ವರದಿ ತೋರಿಸಬೇಕು, ದಿನಾ ಓಡಾಡುವ ವಿದ್ಯಾರ್ಥಿಗಳು ಮತ್ತು ಕೆಲಸಗಾರರು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಎಂಬ ನಿಯಮ ಬಂತು. ಮಂಗಳೂರು–ಕಾಸರಗೋಡು ಬಸ್ ಸಂಚಾರವೂ ನಿಂತಿತು. ಪರೀಕ್ಷೆಗೆ ಸರದಿ, ವರದಿಗೆ ಕಾಯುವಿಕೆ, ವರದಿ ಕೈಗೆ ಬರುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುವುದು, ಇವೆಲ್ಲ ಆಗಿನ ದಿನಚರಿ. ಕೇರಳದವರಿಗೆ ಆರ್‌ಟಿಪಿಸಿಆರ್ ಕಡ್ಡಾಯವನ್ನು ಕರ್ನಾಟಕ ಕೊನೆಗೆ ತೆಗೆದದ್ದು 2022ರ ಫೆಬ್ರವರಿಯಲ್ಲಿ. ಅಂದು ತಲಪಾಡಿ ಹಳೆಯ ತಲಪಾಡಿಯಾಯಿತು.

ಉಳಿದ ಪಾಠ

ಈ ಎರಡು ವರ್ಷಗಳನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟ. ಗಡಿಯ ಊರು ಒಂದೇ ದಿನ ತೆರೆಯಲಿಲ್ಲ. ರೋಗಿಗೆ ಒಮ್ಮೆ, ವಿದ್ಯಾರ್ಥಿಗೆ ಒಮ್ಮೆ, ನೌಕರನಿಗೆ ಒಮ್ಮೆ, ಕೂಲಿಯವನಿಗೆ ಎಲ್ಲರ ಕೊನೆಗೆ ತೆರೆಯಿತು. ಎಚ್ಚರಿಕೆ ಬೇಕಿತ್ತು, ತಪ್ಪಲ್ಲ. ಆದರೆ ಎರಡು ರಾಜ್ಯಗಳ ಎರಡು ನಿಯಮಗಳ ನಡುವೆ ಸಿಕ್ಕಿಕೊಂಡವರು ಗಡಿಯವರೇ.

ಕೋವಿಡ್ ಕಾಲದಲ್ಲಿ ಚಟ್ಟಂಚಾಲ್ ಸಮೀಪ ಟಾಟಾ ಸಮೂಹ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರ್ 9ರಂದು ಸರ್ಕಾರಕ್ಕೆ ಒಪ್ಪಿಸಿತು. ಉಕ್ಕಿನಡ್ಕದ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟುಗಳ ಅನುಮತಿ ದೊರೆಯಿತು. ಜಿಲ್ಲೆಯೊಳಗೇ ಚಿಕಿತ್ಸೆ ಬೇಕು ಎಂಬ ಹಳೆಯ ಬೇಡಿಕೆಗೆ ಬಲ ಬಂದದ್ದು ಆ ಮುಚ್ಚಿದ ಗಡಿಯಿಂದಲೇ.

ಮುಂದೆ ಇಂಥ ಸಂದರ್ಭ ಬಂದರೆ ಏನು ಮಾಡಬೇಕು? ರೋಗಿಗಳಿಗೆ ಮೊದಲ ದಿನದಿಂದಲೇ ಜಾರಿಯಾಗುವ ಲಿಖಿತ ಕ್ರಮ ಎರಡು ಜಿಲ್ಲೆಗಳ ನಡುವೆ ಮೊದಲೇ ಇರಬೇಕು. ದಿನಾ ಗಡಿ ದಾಟುವವರ ಪಟ್ಟಿ ಪಂಚಾಯತಿಯಲ್ಲಿ ಸಿದ್ಧವಿರಬೇಕು. ಆದೇಶಗಳು ಕನ್ನಡ, ಮಲಯಾಳ ಎರಡರಲ್ಲೂ ಒಟ್ಟಿಗೇ ಬರಬೇಕು. ಮನೆಯಲ್ಲಿ ನಿತ್ಯದ ರೋಗಿ ಇರುವವರು ಚಿಕಿತ್ಸೆಯ ಕಾಗದಪತ್ರಗಳನ್ನು ಒಂದೇ ಕಡೆ ಇಟ್ಟುಕೊಂಡು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೂ ಒಮ್ಮೆ ಹೆಸರು ಬರೆಸಿರುವುದು ಒಳ್ಳೆಯದು. ದಾರಿ ತೆರೆದಿರುವಾಗಲೇ ಇವನ್ನೆಲ್ಲ ಮಾಡಿಕೊಳ್ಳಬೇಕು. ಬ್ಯಾರಿಕೇಡ್ ಬಿದ್ದ ಮೇಲೆ ಅದಕ್ಕೆ ಸಮಯವಿರುವುದಿಲ್ಲ.