ರಸಪುರಿ ಮಾವು: ಗುಣವಿಶೇಷಗಳು, ಕೊಯ್ಲು ಮತ್ತು ನಗರ ಮಾರುಕಟ್ಟೆ

ದಕ್ಷಿಣ ಕರ್ನಾಟಕದ ಸಾಂಪ್ರದಾಯಿಕ ಮಾವಿನ ತಳಿಗಳಲ್ಲಿ ರಸಪುರಿಗೆ ವಿಶಿಷ್ಟ ಸ್ಥಾನವಿದೆ. ರಾಮನಗರ, ಮಾಗಡಿ, ಚನ್ನಪಟ್ಟಣ, ತುಮಕೂರು, ಕೋಲಾರ ಹಾಗೂ ಚಿಂತಾಮಣಿ ಭಾಗಗಳ ಹಳೆಯ ತೋಪುಗಳಲ್ಲಿ ಬಾದಾಮಿಯ ಜೊತೆಗೆ ಇದರ ಮರಗಳು ಕಂಡುಬರುತ್ತವೆ. ಪಶ್ಚಿಮ ಭಾರತದಲ್ಲಿ ಪೈರಿ ಎಂದು, ತಮಿಳುನಾಡಿನ ಕೆಲವೆಡೆ ಪೀಟರ್ ಎಂದು ಕರೆಯಲ್ಪಡುವ ಮಾವು ಇದಕ್ಕೆ ಅತಿ ಸಮೀಪವಾದುದು.

ಹಣ್ಣು ಮಧ್ಯಮ ಗಾತ್ರದ್ದು. ಸಾಮಾನ್ಯವಾಗಿ ಕೆಜಿಗೆ ನಾಲ್ಕರಿಂದ ಐದು ತೂಗುತ್ತವೆ. ಆಕಾರ ಅಂಡಾಕೃತಿ, ತುದಿಯಲ್ಲಿ ಸಣ್ಣ ಕೊಕ್ಕು ಇರುತ್ತದೆ. ಸಿಪ್ಪೆ ತೆಳು. ತಿರುಳು ಮೃದು, ಹೇರಳ ರಸಭರಿತ; ಸಿಹಿಯೊಂದಿಗೆ ಲಘುವಾದ ಹುಳಿಯೂ ಬೆರೆತಿರುವುದರಿಂದ ರುಚಿ ಬರಿಯ ಸಕ್ಕರೆಯಂತಿರದೆ ತುಂಬಿದಂತಿರುತ್ತದೆ. ಈ ತಳಿಯ ಹಣ್ಣನ್ನು ಹೋಳು ಮಾಡಿ ತಿನ್ನುವುದಕ್ಕಿಂತ ಹಿಂಡಿ ರಸ ತೆಗೆಯುವುದೇ ರೂಢಿ. ಹಳೆಯ ಮೈಸೂರು ಪ್ರಾಂತ್ಯದ ಮನೆಗಳಲ್ಲಿ ಹಾಲು, ಬೆಲ್ಲ, ಏಲಕ್ಕಿ ಬೆರೆಸಿ ಮಾಡುವ ಸೀಕರಣೆಗೆ ರಸಪುರಿಯೇ ಆಗಬೇಕೆಂಬ ಹಟ ಇಂದಿಗೂ ಉಳಿದಿದೆ. ಬಾದಾಮಿಯ ಬೆಲೆ ಹೆಚ್ಚಿರಬಹುದು. ಆದರೆ ಸೀಕರಣೆಯ ವಿಷಯದಲ್ಲಿ ಅದು ಎರಡನೆಯದೇ ಸರಿ.

ತೆಳು ಸಿಪ್ಪೆ ಮತ್ತು ರಸಭರಿತ ತಿರುಳು ಈ ತಳಿಯ ಹಿರಿಮೆಯೂ ಹೌದು, ಬೆಳೆಗಾರರ ತೊಂದರೆಯ ಮೂಲವೂ ಹೌದು. ಮಾಗಿದ ರಸಪುರಿ ಹೆಚ್ಚು ದಿನ ತಾಳುವುದಿಲ್ಲ. ದೂರದ ಸಾಗಾಣಿಕೆಯ ಒತ್ತಡವನ್ನೂ ಸಹಿಸುವುದಿಲ್ಲ. ಆದ್ದರಿಂದ ರಫ್ತಿನಲ್ಲಿ ಬಾದಾಮಿಗೆ, ತಿರುಳು ಕಾರ್ಖಾನೆಗಳಲ್ಲಿ ತೋತಾಪುರಿಗೆ ಇರುವ ಸ್ಥಾನ ಇದಕ್ಕೆ ದೊರೆಯಲಿಲ್ಲ. ಹೊಸ ತೋಟ ಮಾಡುವವರು ಪ್ರತಿ ವರ್ಷ ನಂಬಿಕೆಯಿಂದ ಕಾಯಿ ಕೊಡುವ, ಗಟ್ಟಿ ಸಿಪ್ಪೆಯ ತೋತಾಪುರಿಯತ್ತ ಒಲಿಯುವುದು ಸಹಜವೇ. ಆದರೆ ಒಂದೇ ತಳಿಯನ್ನು, ಅದರಲ್ಲೂ ಒಂದೇ ಬಗೆಯ ಖರೀದಿದಾರರನ್ನು ನೆಚ್ಚಿಕೊಳ್ಳುವುದರ ಅಪಾಯ 2025ರ ಜೂನ್ ತಿಂಗಳಲ್ಲಿ ಸ್ಪಷ್ಟವಾಯಿತು. ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರ ರಾಜ್ಯದ ತೋತಾಪುರಿ ತನ್ನ ಜಿಲ್ಲೆಗೆ ಬರುವುದನ್ನು ನಿರ್ಬಂಧಿಸಿದಾಗ, ಅಲ್ಲಿನ ಕಾರ್ಖಾನೆಗಳನ್ನೇ ಅವಲಂಬಿಸಿದ್ದ ಶ್ರೀನಿವಾಸಪುರ ಭಾಗದ ಬೆಳೆಗಾರರು ಕೊಯ್ಲಿನ ನಡುವೆಯೇ ಸಂಕಷ್ಟಕ್ಕೆ ಸಿಲುಕಿದರು. ತೋಟದಲ್ಲಿರುವ ಹಳೆಯ ರಸಪುರಿ ಮರಗಳನ್ನು ಕಡಿಯುವ ಅಥವಾ ಅವುಗಳ ಮೇಲೆ ಬೇರೆ ತಳಿಯ ಕಸಿ ಕಟ್ಟುವ ಮುನ್ನ ಈ ಅಂಶವನ್ನು ಗಮನಿಸುವುದು ಒಳಿತು.

ರಸಪುರಿಯ ಮಾರುಕಟ್ಟೆ ದೂರದಲ್ಲಿಲ್ಲ, ಹತ್ತಿರದಲ್ಲಿದೆ. ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆ, ಬಸವನಗುಡಿಯ ಗಾಂಧಿ ಬಜಾರ್, ಚಾಮರಾಜಪೇಟೆ ಮುಂತಾದ ಹಳೆಯ ಬಡಾವಣೆಗಳಲ್ಲಿ ಈ ಹಣ್ಣನ್ನು ಹೆಸರಿನಿಂದ ಕೇಳಿ, ಮೂಸಿ ನೋಡಿ ಕೊಳ್ಳುವ ಗ್ರಾಹಕರಿದ್ದಾರೆ. ರಾಮನಗರ ಬೆಂಗಳೂರಿಗೆ ಸುಮಾರು 50 ಕಿ.ಮೀ. ದೂರದಲ್ಲಿದೆ, ಕೋಲಾರ ಜಿಲ್ಲೆಯ ತೋಟಗಳಿಂದಲೂ ಕೆಲವೇ ಗಂಟೆಗಳ ಪ್ರಯಾಣ. ತಾಳಿಕೆಯ ಕೊರತೆ ದೆಹಲಿಯ ಮಾರುಕಟ್ಟೆಗೆ ದೋಷವಾದರೂ ಸಂಪಿಗೆ ರಸ್ತೆಗೆ ದೋಷವಲ್ಲ. ಇದರ ಜೊತೆಗೆ ರಾಮನಗರ ಭಾಗದ ಫಸಲು ಕೋಲಾರದ್ದಕ್ಕಿಂತ ಮೊದಲೇ ಬರುವುದರಿಂದ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ನಗರಕ್ಕೆ ಸರದಿಯಾಗಿ ಹಣ್ಣು ಒದಗಿಸಲು ಸಾಧ್ಯವಿದೆ.

ಕೊಯ್ಲಿನ ಹಂತ

ಈ ಹಳೆಯ ಗ್ರಾಹಕರು ಕೈಬಿಟ್ಟು ಹೋಗುವುದು ಬೆಲೆಯ ಕಾರಣಕ್ಕಿಂತ ಹೆಚ್ಚಾಗಿ ಎಳೆಯ ಕಾಯಿಯ ಕಾರಣದಿಂದ. ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇರುವೆಡೆ, ಹಂಗಾಮಿನ ಮೊದಲ ಬೆಲೆಯ ಆಸೆಗೆ ಬಲಿಯದ ಕಾಯಿಯನ್ನು ಕೀಳುವುದುಂಟು. ಬಾದಾಮಿಯಲ್ಲಿ ಇದರಿಂದ ಪರಿಮಳ ಕುಗ್ಗುತ್ತದೆ; ರಸಪುರಿಯಲ್ಲಂತೂ ರಸವೇ ತುಂಬುವುದಿಲ್ಲ, ಸಿಪ್ಪೆ ಸುಕ್ಕುಗಟ್ಟಿ ಹುಳಿ ಮಾತ್ರ ಉಳಿಯುತ್ತದೆ. ಗುತ್ತಿಗೆ ಕೊಡುವ ರೈತರು ಕೊಯ್ಲಿನ ಹಂತವನ್ನು ಒಪ್ಪಂದದಲ್ಲಿಯೇ ನಮೂದಿಸುವುದು ಸೂಕ್ತ.

ತೊಟ್ಟಿನ ಇಕ್ಕೆಲದ ಭುಜಗಳು ಉಬ್ಬಿ ತೊಟ್ಟಿನ ಮಟ್ಟಕ್ಕಿಂತ ಮೇಲೇರಿರುವುದು, ಕಡು ಹಸಿರು ತಿಳಿಯಾಗುವುದು, ಮರದಲ್ಲಿ ಒಂದೆರಡು ಹಣ್ಣು ತಾನಾಗಿ ಮಾಗಿ ಉದುರುವುದು ಬಲಿತ ಲಕ್ಷಣಗಳು. ಅನುಮಾನವಿದ್ದಲ್ಲಿ ಕೆಲವು ಕಾಯಿಗಳನ್ನು ಕಿತ್ತು ಬಕೆಟ್ ನೀರಿಗೆ ಹಾಕಿ ನೋಡಬೇಕು. ಬಲಿತವು ಮುಳುಗುತ್ತವೆ, ಎಳೆಯವು ತೇಲುತ್ತವೆ. ಒಂದೇ ಮರದ ಕಾಯಿಗಳು ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಎರಡು ಮೂರು ಸಲ ಕೊಯ್ಲು ಮಾಡಬೇಕಾಗುತ್ತದೆ. ಕೂಲಿಯ ಖರ್ಚು ಹೆಚ್ಚುವುದು ನಿಜ.

ಬೆಳಗಿನ ತಂಪಿನಲ್ಲಿ, ಬಲೆ ಕಟ್ಟಿದ ದೋಟಿಯಿಂದ, ತುಸು ತೊಟ್ಟು ಉಳಿಯುವಂತೆ ಕೀಳಬೇಕು. ಕೊಂಬೆ ಅಲುಗಾಡಿಸಿ ಉದುರಿಸಿದ ರಸಪುರಿ ಮಾರಾಟಕ್ಕೆ ಯೋಗ್ಯವಲ್ಲ. ತೊಟ್ಟು ಕತ್ತರಿಸಿದ ಬಳಿಕ ಕಾಯಿಯನ್ನು ತಲೆಕೆಳಗಾಗಿ ಇಟ್ಟು ಸೊನೆ ಪೂರ್ತಿ ಬಸಿಯಲು ಬಿಡಬೇಕು. ತೆಳು ಸಿಪ್ಪೆಯ ಮೇಲೆ ಸೊನೆ ಬಿದ್ದರೆ ಆ ಜಾಗ ಸುಟ್ಟಂತೆ ಕಪ್ಪಾಗಿ ಅಲ್ಲಿಂದಲೇ ಕೊಳೆಯಲಾರಂಭಿಸುತ್ತದೆ. ಚಿಬ್ಬು ರೋಗದ ಕಾಟವಿರುವ ತೋಟಗಳ ಕಾಯಿಯನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿ, ನೆರಳಿನಲ್ಲಿ ಒಣಗಿಸಿದರೆ ಕೊಳೆಯುವಿಕೆ ಕಡಿಮೆಯಾಗುತ್ತದೆ.

ಮಾಗಿಸುವಿಕೆ

ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಾವಳಿ ನಿಷೇಧಿಸಿದೆ. ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಬೆರೆತಿರುತ್ತವೆ. ಎಥೆಫಾನ್ ದ್ರಾವಣದಲ್ಲಿ ಹಣ್ಣನ್ನು ನೇರವಾಗಿ ಅದ್ದುವುದಕ್ಕೂ ಅನುಮತಿಯಿಲ್ಲ. ಮಾಗಿಸುವ ಕೊಠಡಿಯಲ್ಲಿ 100 ಪಿಪಿಎಂವರೆಗಿನ ಎಥಿಲೀನ್ ಅನಿಲವನ್ನು ಬಳಸಬಹುದು. ಸಣ್ಣ ಪ್ರಮಾಣದಲ್ಲಿ ಮಾರುವವರಿಗೆ ಒಣ ಹುಲ್ಲಿನ ಹಾಸಿಗೆಯೇ ಸಾಕು. ಹಣ್ಣುಗಳನ್ನು ಒಂದೆರಡು ಪದರಗಳಿಗಿಂತ ಹೆಚ್ಚು ಪೇರಿಸಬಾರದು, ದಿನವೂ ತಿರುವಿ ಕೊಳೆತವನ್ನು ಆರಿಸಿ ತೆಗೆಯಬೇಕು. ಬಲಿತ ಕಾಯಿಯನ್ನು 12 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಟ್ಟರೆ ಶೀತಬಾಧೆಯಿಂದ ಸರಿಯಾಗಿ ಮಾಗುವುದಿಲ್ಲ. ಮಾಗಿದ ರಸಪುರಿಯ ಸಿಪ್ಪೆಯಲ್ಲಿ ಹಸಿರು ಉಳಿದಿರಬಹುದು. ಪರಿಮಳ ಮತ್ತು ಮೃದುತ್ವವೇ ಮಾಗಿದ ಗುರುತು. ಹೊಸ ಗ್ರಾಹಕರಿಗೆ ಇದನ್ನು ತಿಳಿಸಿ ಹೇಳಬೇಕು, ಇಲ್ಲವಾದರೆ ಅವರು ಕಾರ್ಬೈಡ್‌ನ ಹಳದಿಯನ್ನೇ ಆರಿಸುತ್ತಾರೆ.

ತೋಟದ ನಿರ್ವಹಣೆ ಇತರ ತಳಿಗಳಂತೆಯೇ. ಹೂ ಬಿಡುವಾಗ ಜಿಗಿಹುಳು ಮತ್ತು ಬೂದಿ ರೋಗದ ಮೇಲೆ ನಿಗಾ ಇರಲಿ. ತೆಳು ಸಿಪ್ಪೆಯ ಕಾರಣ ಹಣ್ಣಿನ ನೊಣದ ಬಗ್ಗೆ ವಿಶೇಷ ಎಚ್ಚರ ಬೇಕು: ಕಾಯಿ ಬಲಿಯುವ ಮುನ್ನವೇ ಎಕರೆಗೆ 6ರಿಂದ 8 ಮೀಥೈಲ್ ಯೂಜಿನಾಲ್ ಬಲೆಗಳನ್ನು ಕಟ್ಟಿ, ಉದುರಿದ ಹಣ್ಣುಗಳನ್ನು ಆಯ್ದು ಆಳವಾಗಿ ಹೂಳಬೇಕು. ಹೊಸದಾಗಿ ನೆಡುವವರು ಹೆಸರು ನಂಬಿ ಸಸಿ ಕೊಳ್ಳದೆ, ಉತ್ತಮ ಫಸಲು ನೀಡುತ್ತಿರುವ ತಮ್ಮೂರಿನ ಹಳೆಯ ಮರವನ್ನು ಗುರುತಿಸಿ, ಅದರ ಕುಡಿಯಿಂದ ಮೆದುಕಾಂಡ ಕಸಿ ಮಾಡಿಸಿಕೊಳ್ಳಬಹುದು.

ನೇರ ಮಾರಾಟಕ್ಕೆ ಹಾಪ್‌ಕಾಮ್ಸ್ ಮಳಿಗೆಗಳು, ಲಾಲ್‌ಬಾಗ್‌ನಲ್ಲಿ ನಡೆಯುವ ಮಾವು ಮೇಳ ಹಾಗೂ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯ ನೆರವಿನಿಂದ ಹಣ್ಣನ್ನು ಮನೆಗೆ ತಲುಪಿಸಲು ಮಾಡಿದ ವ್ಯವಸ್ಥೆ ಬೆಳೆಗಾರರ ಮುಂದಿವೆ. ಅಂಚೆಯ ಮೂಲಕ ಕಳುಹಿಸುವಾಗ ಪೂರ್ತಿ ಮಾಗಿದ ಹಣ್ಣನ್ನು ಬಿಟ್ಟು, ಬಣ್ಣ ತಿರುಗಲು ಆರಂಭಿಸಿದ ಹಣ್ಣನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ತಿನ್ನಲು ಇನ್ನೆಷ್ಟು ದಿನ ಕಾಯಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಬರೆಯಬೇಕು.