ಅರೆತಲೆಯ ಸಿಡಿತ, ಇಡಿತಲೆಯ ಭಾರ

ಕಾಟ ಕೊಡುವ ಮನುಷ್ಯನನ್ನು, ಮುಗಿಯದ ಕೋರ್ಟು ಕೇಸನ್ನು ನಾವು 'ದೊಡ್ಡ ತಲೆನೋವು' ಎನ್ನುತ್ತೇವೆ. ಎದೆನೋವಿಗೆ ಈ ಅವಮಾನ ಆಗಿಲ್ಲ. ಮಾತೇ ಹೀಗೆ ಹಗುರವಾದ ಮೇಲೆ ನಿಜವಾಗಿ ತಲೆ ನೋಯುವವರ ದೂರನ್ನು ಕೇಳುವವರು ಯಾರು? ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಚೆಂಡುಹೂವಿನ ಹೊಲಗಳಲ್ಲಿ, ಅರಿಸಿನದ ಸಾಲುಗಳಲ್ಲಿ ಹಣೆಗೆ ಬಟ್ಟೆ ಬಿಗಿದು ದುಡಿಯುವ ಹೆಂಗಸರಿದ್ದಾರೆ. ಅದು ಬಿಸಿಲಿಗೆ ಕಟ್ಟಿದ ಬಟ್ಟೆಯೋ, ನೋವಿಗೆ ಕಟ್ಟಿದ್ದೋ ಎಂದು ಕೇಳುವವರು ಕಡಿಮೆ.

ಹಳೆಯ ವೈದ್ಯರು ಕೇಳಿದ್ದರು. ಸುಶ್ರುತ ಸಂಹಿತೆ ತಲೆಯ ರೋಗಗಳನ್ನು 11 ಬಗೆಯಾಗಿ ಎಣಿಸುತ್ತದೆ. ಹೊತ್ತಿನೊಂದಿಗೆ ಏರಿ ಹೊತ್ತಿನೊಂದಿಗೆ ಇಳಿಯುವುದು ಸೂರ್ಯಾವರ್ತ. ಅರ್ಧ ತಲೆಯನ್ನು ಸೀಳುವುದು ಅರ್ಧಾವಭೇದಕ. ಇನ್ನೊಂದು ಶಂಖಕ, ಕಣತಲೆಯಲ್ಲಿ ಭೀಕರವಾಗಿ ಹುಟ್ಟಿ ಮೂರು ರಾತ್ರಿಗಳೊಳಗೆ ಜೀವ ತೆಗೆಯುತ್ತದೆ ಎಂದು ಪ್ರಾಚೀನರು ಹೆದರಿದ್ದ ನೋವು ಇದು. ಅರಬ್ಬರು ಅರೆತಲೆನೋವನ್ನು 'ಶಕೀಕಾ' ಎಂದರು. ಗ್ರೀಕರ 'ಹೆಮಿಕ್ರೇನಿಯಾ' ಸವೆದು ಮೈಗ್ರೇನ್ ಆಯಿತು. ನಮ್ಮ ಮನೆಗಳ ದಖನಿಯಲ್ಲಿ ಅದು 'ಆಧಾಸೀಸಿ'. ಇಷ್ಟು ಭಾಷೆಗಳೂ ತಲೆಯನ್ನು ಎರಡು ಹೋಳು ಮಾಡಿಯೇ ಈ ನೋವಿಗೆ ಹೆಸರಿಟ್ಟಿವೆ.

ಇಬ್ನ್ ಸೀನಾ (980-1037) ಬೇರೊಂದು ನೋವನ್ನೂ ಗುರುತಿಸಿದ. ತಲೆಯನ್ನೆಲ್ಲ ಆವರಿಸಿ, ಬಿಟ್ಟುಹೋಗದೆ ಕೂತಿರುವ ನೋವು. ಇಂಥ ರೋಗಿಗೆ ಬೆಳಕು ಬೇಡ, ಸದ್ದು ಬೇಡ. ಕತ್ತಲಲ್ಲಿ ಒಬ್ಬನೇ ಮಲಗಿರಬೇಕು. ಇದಕ್ಕೆ ಅರಬ್ಬಿ ವೈದ್ಯರು 'ಖೂದಾ' ಎಂದು ಹೆಸರಿಟ್ಟರು, ಎಂದರೆ ಶಿರಸ್ತ್ರಾಣ. ಯುದ್ಧವಿಲ್ಲದಿದ್ದರೂ ತೆಗೆದಿಡಲಾಗದ ಕಬ್ಬಿಣದ ಟೋಪಿ! ದಿನವೂ ತಲೆ ನೋಯುವವರು ಈ ಹೆಸರನ್ನು ಕೇಳಿದರೆ ತಲೆದೂಗಿಯಾರು, ತೂಗಲು ಸಾಧ್ಯವಾದರೆ.

ಈ ಎರಡೂ ಪರಂಪರೆಗಳು ನಮ್ಮ ಸೀಮೆಗೆ ದೂರದವಲ್ಲ. 1908ರಲ್ಲಿ ಮೈಸೂರಿನಲ್ಲಿ ಶುರುವಾದ ಸರಕಾರಿ ಆಯುರ್ವೇದ ಕಾಲೇಜಿಗೆ ಮುಂದೆ ಯುನಾನಿ ಪಾಠವೂ ಸೇರಿಕೊಂಡಿತು. ಆದರೆ ಹಳ್ಳಿಯ ನೋವು ಅಲ್ಲಿಯವರೆಗೆ ಹೋದದ್ದು ಕಡಿಮೆ. ದರ್ಗಾದ ತಾಯಿತ, ದೇವರಗುಡ್ಡರ ಬಂಡಾರ, ಊದಿಸಿಕೊಂಡ ನೀರು, ಕಣತಲೆಗೆ ಸುಣ್ಣ, ಇವೇ ಹತ್ತಿರವಿದ್ದವು. ಇವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅವಸರ ನನಗಿಲ್ಲ. ಹೆಂಗಸಿನ ನೋವನ್ನು ಕೂತು ಕೇಳುವ ಜಾಗಗಳು ಅವೇ ಆಗಿದ್ದವು. ಇಹ್ರಾಮ್ ಸ್ಥಿತಿಯಲ್ಲಿದ್ದಾಗ ಪ್ರವಾದಿಯವರು (ಸ) ಅರೆತಲೆನೋವಿಗಾಗಿ ತಲೆಗೆ ಹಿಜಾಮಾ ಮಾಡಿಸಿಕೊಂಡ ವರದಿ ಬುಖಾರಿಯ ಸಂಗ್ರಹದಲ್ಲಿದೆ. 'ಸಬರ್ ಮಾಡು' ಎಂದು ಸೊಸೆಯಂದಿರಿಗೆ ಹೇಳುವವರು ಇದನ್ನೂ ಓದಬೇಕು.

ಆಮೇಲೆ ಡಬ್ಬಿ ಬಂತು, ಮಾತ್ರೆ ಬಂತು. 1893ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅಮೃತಾಂಜನ ಮನೆಮನೆ ಸೇರಿತು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮಾತ್ರೆ ಕೂಲಿ ತಪ್ಪಿಸದ ಔಷಧವಾಯಿತು. ಇಲ್ಲೊಂದು ವ್ಯಂಗ್ಯವಿದೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮಿಶ್ರ ಮಾತ್ರೆಯನ್ನು 10 ದಿನ, ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ದಿನದ ತಲೆನೋವನ್ನು ಹುಟ್ಟಿಸಬಲ್ಲದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವಿದೇಶಿ ಸಂಶೋಧಕರೊಂದಿಗೆ 2009-10ರಲ್ಲಿ ಕರ್ನಾಟಕದ 2,329 ವಯಸ್ಕರನ್ನು ಮನೆಗೇ ಹೋಗಿ ವಿಚಾರಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. ಹೆಂಗಸರಲ್ಲಿ ಹೆಚ್ಚು, ಹಳ್ಳಿಯವರಲ್ಲಿ ಹೆಚ್ಚು. ನೂರರಲ್ಲಿ ಮೂವರಿಗೆ ತಿಂಗಳ ಅರ್ಧ ದಿನಗಳಾದರೂ ತಲೆನೋವು. ಸಮೀಕ್ಷೆ ನಡೆದದ್ದು ಬೆಂಗಳೂರು ಕಡೆ. ಹಣೆಗೆ ಕಟ್ಟಿದ ಬಟ್ಟೆಗಳನ್ನು ನಮ್ಮ ಜಿಲ್ಲೆಯಲ್ಲೂ ಎಣಿಸಬಹುದಿತ್ತು.

ಅಪಾಯವಿರುವುದು ಎರಡು ನೋವುಗಳು ಒಂದೇ ತಲೆಯಲ್ಲಿ ಕೂಡಿದಾಗ. ದಿನವೂ ನೋಯುವವಳಿಗೆ ಒಂದು ಮಧ್ಯಾಹ್ನ ಸಿಡಿಲು ಬಡಿದಂತೆ, ಒಂದೇ ನಿಮಿಷದೊಳಗೆ ತುದಿ ಮುಟ್ಟುವ ನೋವು ಬರುತ್ತದೆ. 'ಅವಳದ್ದು ಇದ್ದದ್ದೇ' ಎನ್ನುತ್ತಾರೆ ಮನೆಯವರು. ಅವಳೂ ಹಾಗೇ ಅಂದುಕೊಂಡು ಇನ್ನೊಂದು ಮಾತ್ರೆ ನುಂಗುತ್ತಾಳೆ. ಹಠಾತ್ತನೆ ಬಂದದ್ದೆಲ್ಲ ಮೆದುಳಿನ ರಕ್ತಸ್ರಾವವಲ್ಲ, ನಿಜ. ಆದರೆ ಅಲ್ಲವೆಂದು ಹೇಳಬೇಕಾದದ್ದು ಸ್ಕ್ಯಾನಿಂಗ್ ಯಂತ್ರ, ಅತ್ತೆಯಲ್ಲ. ರಕ್ತಸ್ರಾವವಿದ್ದರೆ ಮೊದಲ ಆರು ಗಂಟೆಗಳೊಳಗೆ ತೆಗೆದ ಸಿ.ಟಿ. ಸ್ಕ್ಯಾನ್ ಅದನ್ನು ತಪ್ಪಿಸಿಕೊಳ್ಳುವುದು ತೀರ ಅಪರೂಪ. ಪ್ರಾಚೀನರ ಮೂರು ರಾತ್ರಿಗಳು ಈಗ ಆರು ಗಂಟೆಗಳಾಗಿವೆ.

ಆರು ಗಂಟೆ ಎಂದರೆ ದಾರಿಯ ಲೆಕ್ಕವೂ ಹೌದು. ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ, ಜಿಲ್ಲೆ ಆದದ್ದು 1997ರಲ್ಲಿ, ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಗುಂಡ್ಲುಪೇಟೆಗೆ ರೈಲಿಲ್ಲ. ಅಲ್ಲಿಂದ ನಂಜನಗೂಡಿನ ಮೇಲೆ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಹೊಲದಿಂದ ಮನೆಗೆ, ಮನೆಯಿಂದ ಬಸ್‌ಸ್ಟ್ಯಾಂಡಿಗೆ ಎಷ್ಟು ಹೊತ್ತು ಎಂಬುದು, 'ಇದು ದಿನದ ನೋವಲ್ಲ' ಎಂದು ಅವಳು ಹೇಳಿದಾಗ ನಂಬುವವರು ಮನೆಯಲ್ಲಿ ಯಾರಿದ್ದಾರೆ ಎಂಬುದರ ಮೇಲಿದೆ.