ಮರಗಟ್ಟಿದ ಕೈಗೆ ಬೆಂಕಿ ಬೇಡ

ನಮ್ಮ ಮೂಡಲಪಾಳ್ಯದಲ್ಲಿ ಚಳಿ ಅಂದ್ರೆ ಧನುರ್ಮಾಸದ ಬೆಳಗಿನ ಮಂಕಿ ಟೋಪಿ, ಒಡೆದ ತುಟಿ, ಬಿರಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಅಷ್ಟೇ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಚರ್ಮ ಹೆಪ್ಪುಗಟ್ಟೋಕೆ ಸೊನ್ನೆಗಿಂತ ಕೆಳಗಿಳಿಯಬೇಕು. ಹಾಗಾಗಿ ನಮ್ಮಜ್ಜಿಯ ಮನೆಮದ್ದಿನಲ್ಲಿ ಹಿಮಕಡಿತಕ್ಕೆ ಜಾಗವೇ ಇರಲಿಲ್ಲ.

ಆದರೆ ನಮ್ಮ ನಾಡಿನ ಹುಡುಗರು ಸಿಯಾಚಿನ್ ಕಾಯೋಕೂ ಹೋಗ್ತಾರೆ. 2016ರ ಫೆಬ್ರವರಿ 3ರಂದು ಅಲ್ಲಿ ಸುಮಾರು 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರು ದಿನದ ನಂತರ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಹಿಮಕಡಿತದ ಗುರುತಿಲ್ಲ ಅಂದರು ದೆಹಲಿಯ ಸೇನಾ ಆಸ್ಪತ್ರೆಯ ವೈದ್ಯರು. ಜೊತೆಗೇ ಇನ್ನೊಂದು ಮಾತು ಹೇಳಿದರು: ದೇಹ ಮತ್ತೆ ಬೆಚ್ಚಗಾಗಿ, ತಣ್ಣಗಾದ ಭಾಗಗಳಿಗೆ ರಕ್ತ ಹರಿಯೋ ಮುಂದಿನ ಒಂದೆರಡು ದಿನ ಕಷ್ಟದ್ದು. ನ್ಯುಮೋನಿಯಾ ಇತ್ತು, ಮೂತ್ರಪಿಂಡ, ಯಕೃತ್ತು ಸೋತಿದ್ದವು. ಫೆಬ್ರವರಿ 11ರಂದು ಹನುಮಂತಪ್ಪ ತೀರಿಕೊಂಡರು.

ಬೆಚ್ಚಗಾಗೋದೂ ಅಪಾಯವೇ ಅಂತ ಆಗ ಬಹಳ ಜನ ಕೇಳಿದ್ರು. ಈ ಪ್ರಶ್ನೆಗೆ ಇನ್ನೂರು ವರ್ಷ ವಯಸ್ಸು. 1812ರಲ್ಲಿ ನೆಪೋಲಿಯನ್ನನ ಸೇನೆ ಮಾಸ್ಕೋದಿಂದ ಹಿಂತಿರುಗುವಾಗ, ಮರಗಟ್ಟಿದ ಕೈಕಾಲನ್ನು ಬೆಂಕಿಗೆ ಒಡ್ಡಿದ ಸೈನಿಕರ ಗಾಯ ಕೊಳೆಯೋದನ್ನು ಶಸ್ತ್ರವೈದ್ಯ ಲಾರೆ ಕಂಡರು. ಬಿಸಿಯೇ ಶತ್ರು ಅಂದುಕೊಂಡು, ಹಿಮದಿಂದಲೇ ಉಜ್ಜಿ ಅಂತ ಸಲಹೆ ಕೊಟ್ಟರು. ಅವರು ಕಂಡದ್ದು ನಿಜ, ಕೊಟ್ಟ ಮದ್ದು ತಪ್ಪು. ಸ್ಪರ್ಶ ಸತ್ತ ಚರ್ಮಕ್ಕೆ ಬೆಂಕಿ ಸುಟ್ಟಿದ್ದೇ ಗೊತ್ತಾಗಲ್ಲ. ಕರಗಿದ ಕೈ ಮರುದಿನದ ನಡಿಗೆಯಲ್ಲಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಹೆಚ್ಚು. ಹಿಮದಿಂದ ಉಜ್ಜಿದರೆ ಇರೋ ಚರ್ಮವೂ ಹರಿಯುತ್ತೆ. ಆದರೂ ಆ ಸಲಹೆ ನೂರು ವರ್ಷಕ್ಕೂ ಹೆಚ್ಚು ಬಾಳಿತು. 1960ರ ಸುಮಾರಿಗೆ ಅಲಾಸ್ಕಾದ ವೈದ್ಯ ವಿಲಿಯಂ ಮಿಲ್ಸ್ ಬೆಚ್ಚನೆ ನೀರಿನ ಚಿಕಿತ್ಸೆಯನ್ನು ತಮ್ಮ ರೋಗಿಗಳಲ್ಲಿ ತೋರಿಸಿಕೊಟ್ಟ ಮೇಲೆ ಅದು ಹಿಂದೆ ಸರಿಯಿತು.

ಈಗಿನ ಕ್ರಮ ಸರಳ: 37ರಿಂದ 39 ಡಿಗ್ರಿ ನೀರಿನಲ್ಲಿ ಸುಮಾರು ಅರ್ಧ ಗಂಟೆ ಅದ್ದಿಡಬೇಕು. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಗುಳ್ಳೆ ಒಡೆಯಬಾರದು. ಮತ್ತೆ ಹೆಪ್ಪುಗಟ್ಟೋ ಸಂಭವ ಇದ್ದರೆ ಕರಗಿಸೋಕೇ ಹೋಗಬಾರದು, ಮೊದಲು ಆಸ್ಪತ್ರೆ ಸೇರಬೇಕು.

ಇದೆಲ್ಲ ಯೋಧರಿಗೆ ಮಾತ್ರ ಅಲ್ಲ ನೋಡಿ. ರಜಾ ಬಂದ್ರೆ ಹಿಮಾಲಯದ ಟ್ರೆಕ್ಕಿಂಗ್ ಅಂತ ಹೊರಡೋ ಹುಡುಗರು ನಮ್ಮ ಏರಿಯಾದಲ್ಲೂ ಇದ್ದಾರೆ. ಒದ್ದೆ ಸಾಕ್ಸ್ ತಕ್ಷಣ ಬದಲಾಯಿಸಿ, ಬಿಗಿ ಶೂ ಬೇಡ, ಚಳಿಗೆ ಅಂತ ಎಣ್ಣೆ ಹೊಡೆಯೋದಂತೂ ಬೇಡವೇ ಬೇಡ. ಬೆರಳು ನೋಯ್ತಿದ್ದದ್ದು ಇದ್ದಕ್ಕಿದ್ದಂತೆ ನೋವು ನಿಂತರೆ ಖುಷಿಪಡಬೇಡಿ. ಅಪಾಯ ಶುರುವಾಗೋದೇ ಅಲ್ಲಿಂದ.